ಅಪ್ಪನ ಲಾರಿ

ಈ ಭಾನುವಾರ ಯಾವ ಸಭೆಗೂ ಹೋಗಲಿಲ್ಲ ಗೆಳೆಯರೇ. ಇಪ್ಪತ್ತು ವರ್ಷದಿಂದ ಹುಣಸೆಮರದ ಕೆಳಗೆ ನಿಂತಿದ್ದ ಟಾಟಾ ಮರ್ಸಿಡಿಸ್ ಬೆಂಜ್ ಲಾರಿ ಜೊತೆಗಿದ್ದೆ. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಶುರು ಮಾಡಿದ ಲಾರಿ. 1969ಕ್ಕೆ ಒಪ್ಪಂದ ಮುಗೀತು. ಇದರ ಮೂತಿ ಮೇಲೆ ಆ ನಕ್ಷತ್ರ ಇನ್ನೂ ಇದೆ.

ಅಪ್ಪ ಇದೇ ಲಾರಿಗೆ ಹದಿನೆಂಟು ವರ್ಷ ಕ್ಲೀನರ್. ಧಣಿ ಒಂದು ದಿನವೂ ಸ್ಟೇರಿಂಗ್ ಮುಟ್ಟಗೊಡಲಿಲ್ಲ. ಇಂಜಿನ್ ಕೆಳಗೆ ಮಲಗೋದಕ್ಕೆ ಮಾತ್ರ ಜಾತಿ ಅಡ್ಡ ಬರಲಿಲ್ಲ. ಧಣಿ ಮಕ್ಕಳು ಗುಜರಿಗೆ ಹಾಕಲು ಹೊರಟಾಗ ಅದೇ ರೇಟಿಗೆ ನಾನು ಕೊಂಡೆ.

ಟ್ಯಾಂಕ್ ತೊಳೆದೆವು, ಫಿಲ್ಟರ್ ಬದಲಿಸಿದೆವು. ಇಂಜಿನ್ ಕೈಯಲ್ಲಿ ತಿರುಗಿಸಿದರೆ ತಿರುಗಿತು. ಆದರೂ ಸ್ಟಾರ್ಟ್ ಆಗಲಿಲ್ಲ. ಡೀಸೆಲ್ ಪಂಪಿನ ಪಕ್ಕ ಗುಂಡಿಯಂಥ ಒಂದು ಹಿಡಿ. ಬಿಎ ಓದಿದ ನನಗೂ ಗೊತ್ತಿಲ್ಲ, ಬಂದಿದ್ದ ಹುಡುಗ ಮೆಕ್ಯಾನಿಕ್ಕಿಗೂ ಗೊತ್ತಿಲ್ಲ.

ಕಣ್ಣು ಮಂಜಾದ ಅಪ್ಪ ಬಂದು ಬೆರಳಲ್ಲಿ ಸವರಿದ. "ಇದು ಕೈಪಂಪು ಕಣ್ಲಾ. ಲೈನಲ್ಲಿ ಗಾಳಿ ಸೇರ್ಕಂಡದೆ. ಫಿಲ್ಟರ್ ಮೇಲಿನ ಸ್ಕ್ರೂ ಸಡ್ಲ ಮಾಡಿ ಒತ್ತು. ಗುಳ್ಳೆ ನಿಂತ್ಮೇಲೆ ಬಿಗಿ ಮಾಡು."

ಹಾಗೇ ಮಾಡಿದೆವು. ಕಪ್ಪು ಹೊಗೆ ಕಾರಿ ಇಂಜಿನ್ ಎದ್ದಿತು.

ಅಪ್ಪನ ಹತ್ತಿರ ಲೈಸೆನ್ಸ್ ಇಲ್ಲ, ಸರ್ಟಿಫಿಕೇಟ್ ಇಲ್ಲ. ಇಂಥವರ ಹೆಸರಿನ ಮುಂದೆ 'ಕೌಶಲ್ಯರಹಿತ ಕಾರ್ಮಿಕ' ಅಂತ ಕಚೇರಿಯಲ್ಲಿ ಎಷ್ಟೋ ಸಲ ನಾನೇ ಟೈಪ್ ಮಾಡಿದ್ದೇನೆ. ಆ ಪದ ನಿನ್ನೆಯಿಂದ ಗಂಟಲಲ್ಲಿ ಸಿಕ್ಕಿಕೊಂಡಿದೆ.

"ಡ್ರೈವರ್ ಸೀಟಲ್ಲಿ ಕೂತ್ಕೋ ಬಾಪ್ಪಾ" ಅಂದೆ. "ಇರ್ಲಾ, ಮೊದ್ಲು ಆಯಿಲ್ ಪ್ರೆಶರ್ ನೋಡು" ಅಂದ.

ಆಮೇಲೆ ಹತ್ತಿದ. ಚಪ್ಪಲಿ ಕೆಳಗೆ ಬಿಟ್ಟು ಹತ್ತಿದ.

ಜೈ ಭೀಮ್.