ಕೊಳಕ್ಕೆ ನೀಲಿ

ನಮ್ಮ ಚೆನ್ನೈ ಮನೆಯ ಹಿತ್ತಲಲ್ಲಿ ಒಂದು ಕೊಳವಿದೆ. ಕೊಳ ಎಂದೊಡನೆ ಮೈಲಾಪುರದ ಕಪಾಲೀಶ್ವರನ ಕಲ್ಯಾಣಿಯನ್ನು ನೆನೆಯಬೇಡಿ. ಎಮ್ಮೆ ಮಲಗಿದರೆ ಕರುವಿಗೆ ಜಾಗ ಸಾಲದಷ್ಟು ದೊಡ್ಡ ಸಿಮೆಂಟ್ ತೊಟ್ಟಿ, ಅಷ್ಟೆ. ಎರಡು ನೈದಿಲೆ, ಹತ್ತಾರು ಗಪ್ಪಿ ಮೀನು. ಮೇಲೆ ಕೊಡೆ ಹಿಡಿದಂತೆ ಪಕ್ಕದ ಮನೆಯ ಕಾಡುಬಾದಾಮಿ ಮರ. ಅದರ ಅಗಲ ಎಲೆಗಳು ಕುಂಕುಮದಂತೆ ಕೆಂಪೇರಿ ನಮ್ಮ ತೊಟ್ಟಿಗೇ ಉದುರುತ್ತವೆ. ವಾರ ಕಳೆಯುವುದರೊಳಗೆ ನೀರು ಟೀ ಬಣ್ಣ.

ಮೈಸೂರಿನಿಂದ ಬಂದ ಅಮ್ಮ ಬಗ್ಗಿ ನೋಡಿದರು. "ಏನೋ ಇದು, ಯಾರಿಗೆ ಕಷಾಯ ಕಾಸಿಟ್ಟಿದ್ದೀಯ? ಒಂದಿಷ್ಟು ನೀಲಿ ಹಾಕಬಾರದೇ?"

ಅಮ್ಮನ ಮಾತಿಗೆ ಆಧಾರವಿತ್ತು. ಅಪ್ಪನ ಪಂಚೆ ಹಳದಿಗಟ್ಟಿದಾಗ ಕಡೆಯ ಜಾಲಾಟಕ್ಕೆ ನೀಲಿ ಬೆರೆಸಿ ಬೆಳ್ಳಗೆ ಮಾಡಿದ ಕೈ ಅದು. ಹಳದಿಗೆ ನೀಲಿ ವೈರಿ. ಪರದೇಶಗಳಲ್ಲಂತೂ ನೀಲಿಯನ್ನು ಕೊಳಕ್ಕೆ ಹಾಕುವ ಬಣ್ಣವೆಂದೇ ಮಾರುತ್ತಾರೆ. ಎಷ್ಟೋ ಡಬ್ಬಿಗಳಲ್ಲಿರುವುದು ಮಿಠಾಯಿಗೆ ಹಾಕುವ ಬ್ರಿಲಿಯಂಟ್ ಬ್ಲೂ, ಜೊತೆಗೆ ಚೂರು ಹಳದಿ. ತಿಳಿನೀರಿಗೆ ಬೆರೆಸಿದರೆ ಬಿಸಿಲು ಆಳಕ್ಕಿಳಿಯುವುದು ತಗ್ಗಿ ಪಾಚಿಯ ಹಾವಳಿಯೂ ಕಡಿಮೆ.

ಮೀನುಗಳ ಮೇಲೇಕೆ ಪ್ರಯೋಗ ಎಂದು ಒಂದು ಬಕೆಟ್ ಕೊಳದ ನೀರಿಗೆ ಕೇಕಿನ ನೀಲಿ ನಾಲ್ಕು ಹನಿ ಬಿಟ್ಟೆ. ಆಕಾಶ ಇಳಿದುಬರುತ್ತದೆಂದು ಕಾದರೆ, ಹಳೆಯ ಬಾವಿಯ ಹಸಿರು ಬಂತು! ಇನ್ನೆರಡು ಹನಿಗೆ ಬಕೆಟ್ಟಿನ ತಳವೇ ಮಾಯ. ಆಗ ಹೊಳೆಯಿತು: ಎಲೆಯ ಒಗರು, ಅಂದರೆ ಟ್ಯಾನಿನ್, ಬೆಳಕಿನಲ್ಲಿರುವ ನೀಲಿಯನ್ನು ಆಗಲೇ ನುಂಗಿರುತ್ತದೆ, ಸುರಿದ ನೀಲಿ ಬಣ್ಣ ಉಳಿದ ಕೆಂಪನ್ನು ನುಂಗುತ್ತದೆ. ಇಬ್ಬರೂ ಉಂಡೆದ್ದ ಮೇಲೆ ಎಲೆಯಲ್ಲಿ ಮಿಕ್ಕಿದ್ದು ಕೊಳೆಹಸಿರು. ಪಂಚೆಗಾದರೆ ಬೆಳಕನ್ನು ಹಿಂದಕ್ಕೆಸೆಯುವ ಬಿಳಿ ನೂಲಿದೆ, ನೀರಿಗೇನಿದೆ? ನೀರು ತಿಳಿಯಾಗಿಸುವ ಚಿಲ್ಲದ ಬೀಜ ಆಗಬಹುದೆಂದರೆ, ಅದನ್ನು ತೇದು ಹಾಕಿದರೆ ಕೂರುವುದು ಕೆಸರು ಮಾತ್ರ. ಕರಗಿದ ಬಣ್ಣ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದಕ್ಕೆ ಸಕ್ರಿಯ ಇದ್ದಿಲು ಬೇಕು, ಇಲ್ಲವೇ ನೀರನ್ನೇ ಬದಲಿಸಬೇಕು.

ನೀರು ಬದಲಿಸುವುದೇ? 2019ರ ಜುಲೈನಲ್ಲಿ ಈ ಊರಿಗೆ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ಬಂತು. ಒಂದು ಸಲಕ್ಕೆ 50 ವ್ಯಾಗನ್, 25 ಲಕ್ಷ ಲೀಟರ್. ಬಿಂದಿಗೆ ಹಿಡಿದು ಟ್ಯಾಂಕರ್ ಕಾದ ಊರಿನಲ್ಲಿ ಅಂದಕ್ಕಾಗಿ ತೊಟ್ಟಿ ಬಸಿಯಲು ಕೈ ಬರಲಿಲ್ಲ.

ಇದ್ದಿಲು ಸಿಕ್ಕೀತೆಂದು ಅಲಂಕಾರಿಕ ಮೀನುಗಳ ಪೇಟೆ ಕೊಳತ್ತೂರಿಗೆ ಹೋದೆ. ಅಂಗಡಿಯ ಹುಡುಗ ಇದ್ದಿಲಿನ ಜೊತೆಗೆ ಒಂದು ಪೊಟ್ಟಣವನ್ನೂ ಮುಂದಿಟ್ಟ. ಒಳಗೆ ಒಣಗಿದ ಬಾದಾಮಿ ಎಲೆ! ಫೈಟರ್ ಮೀನು ಸಾಕುವವರು ದುಡ್ಡು ಕೊಟ್ಟು ಕೊಂಡು ನೀರನ್ನು ಬೇಕೆಂದೇ ಕಂದಾಗಿಸುತ್ತಾರಂತೆ. "ಮರುಂದು ಸಾರ್," ಎಂದ, ಔಷಧಿ. ನನ್ನ ಹಿತ್ತಲಲ್ಲಿ ಪುಕ್ಕಟೆ ಉದುರುವ ಅವಮಾನಕ್ಕೆ ಅಲ್ಲಿ ಬೆಲೆಚೀಟಿ.

ಇದ್ದಿಲು ಅಲ್ಲೇ ಬಿಟ್ಟು ಬಂದೆ. ಈಗ ಹೆಚ್ಚಾದ ಎಲೆಯನ್ನಷ್ಟೇ ಜಾಲರಿಯಲ್ಲಿ ಎತ್ತುತ್ತೇನೆ. ಕಂದುನೀರಲ್ಲಿ ಗಪ್ಪಿಯ ಕಿತ್ತಳೆ ಬಾಲ ಕೆಂಡದಂತೆ ಹೊಳೆಯುತ್ತದೆ. ಅಮ್ಮನಿಗೆ ಇನ್ನೂ ಸಮಾಧಾನವಿಲ್ಲ. ಕೊಳದ ಕಟ್ಟೆಯ ಮೇಲೆ ಕೂತು, ಲೋಟ ನನ್ನ ಕಡೆ ಚಾಚಿ, "ಕಾಫಿ ಬೆಳ್ಳಗಿದೆಯಲ್ಲೋ, ಇನ್ನೊಂದು ಚೂರು ಡಿಕಾಕ್ಷನ್ ಹಾಕು," ಅಂದರು.