ಹಸಿದ ಹುಡುಗನ ಎದುರು ಕೂತು ಉಂಡದ್ದು

ಅಮ್ಮ ಸಿನಿಮಾ ನೋಡಲು ಕಲಿತದ್ದು ತಿಪಟೂರು ಕಡೆಯ ಟೆಂಟಿನಲ್ಲಿ. ಮರಳು ಗುಡ್ಡೆ ಮಾಡಿಕೊಂಡು ನೆಲದಲ್ಲಿ ಕೂರೋದು, ಸೆರಗಿನಲ್ಲಿ ಹುರಿದ ಕಡಲೆಕಾಯಿ, ರೀಲು ಬದಲಾಯಿಸುವಾಗೆಲ್ಲ ಸೋಡಾದವನ ಕೂಗು. ಪರದೆ ಮೇಲಿನವರಿಗೆ ಬುದ್ಧಿ ಹೇಳುತ್ತಲೇ ನೋಡೋದು ಅವಳ ರೂಢಿ. 2012ರ ನವೆಂಬರಿನಲ್ಲಿ ನಾವಿಬ್ಬರೂ ಆಸ್ಟಿನ್ನಿನಲ್ಲಿ ತಮ್ಮನ ಮನೆಗೆ ಹೋಗಿದ್ದೆವು. ಥ್ಯಾಂಕ್ಸ್‌ಗಿವಿಂಗ್ ರಜೆ. "ಊಟ ಕೊಡೋ ಥಿಯೇಟರಿಗೆ ಹೋಗೋಣಮ್ಮ, ಆದ್ರೆ ಅಲ್ಲಿ ತುಟಿ ಪಿಟಕ್ಕನ್ನೋ ಹಾಗಿಲ್ಲ" ಅಂದ ತಮ್ಮ. "ಊಟಕ್ಕೆ ಕೂತು ಮಾತಾಡಬಾರದು ಅಂದ್ರೆ ಅದೇನು ಮಡಿ ಊಟವೇನೋ?" ಅಂದಳು ಅಮ್ಮ.

ಅದು ಅಲಮೋ ಡ್ರಾಫ್ಟ್‌ಹೌಸ್. ಟಿಮ್ ಮತ್ತು ಕ್ಯಾರಿ ಲೀಗ್ ಅನ್ನೋ ಗಂಡ ಹೆಂಡತಿ 1997ರಲ್ಲಿ ಅದೇ ಊರಿನ ಕೊಲರಾಡೋ ಬೀದಿಯಲ್ಲಿ, ಹಿಂದೆ ಕಾರು ನಿಲ್ಲಿಸುತ್ತಿದ್ದ ಕಟ್ಟಡದಲ್ಲಿ, ಒಂದೇ ಪರದೆಯಿಂದ ಶುರುಮಾಡಿದ್ದು. ಅಲ್ಲಿ ಆಗ ಮಾತಾಡಿದರೆ, ಫೋನ್ ಬೆಳಗಿಸಿದರೆ ಎಚ್ಚರಿಕೆ ಕೊಡುತ್ತಿದ್ದರು, ಆಮೇಲೂ ಬಿಡದಿದ್ದರೆ ಹೊರಗೆ ಕಳಿಸುತ್ತಿದ್ದರು. 2011ರಲ್ಲಿ ಹಾಗೆ ಹೊರಬಿದ್ದ ಒಬ್ಬಾಕೆ ಫೋನಿನಲ್ಲಿ ಬೈದು ಬಿಟ್ಟ ಸಂದೇಶವನ್ನೇ ಅವರು ಸಿನಿಮಾಕ್ಕೆ ಮುಂಚೆ ಹಾಕಿ ತೋರಿಸಿದ್ದರಂತೆ. ನನಗೆ ಈ ಬಿಗಿ ಹಿಡಿಸಿತು. ತಟ್ಟೆ ಲೋಟದ ಸದ್ದು ಇರುವ ಕಡೆ ಬಾಯಿಯ ಸದ್ದನ್ನಾದರೂ ತಡೆಯಲೇಬೇಕು.

ಸೀಟಿನ ಮುಂದೆ ಸಾಲಿನುದ್ದಕ್ಕೂ ಕಿರಿದಾದ ಮೇಜು. ಸಾಲುಗಳ ನಡುವೆ ಜಾಗ ಧಾರಾಳ. ಮೇಜಿನ ಮೇಲೆ ಚೀಟಿ, ಪೆನ್ಸಿಲ್. ಬೇಕಾದದ್ದನ್ನು ಬರೆದು ಚೀಟಿಯನ್ನು ನೆಟ್ಟಗೆ ನಿಲ್ಲಿಸಿದರೆ, ಕಪ್ಪು ಬಟ್ಟೆಯ ಹುಡುಗಿಯೊಬ್ಬಳು ಬೆನ್ನು ಬಾಗಿಸಿಕೊಂಡು ಬಂದು ತೆಗೆದುಕೊಂಡು ಹೋಗುತ್ತಿದ್ದಳು. ಹಿಂದಿನವರಿಗೆ ತಲೆ ಅಡ್ಡ ಬರಬಾರದೆಂದು ಅಷ್ಟು ಬಗ್ಗುವುದು. ತಮ್ಮ ಮೊದಲೇ ಒಂದು ಪಿಜ್ಜಾ, ಉಪ್ಪಿನಕಾಯಿ ಬಜ್ಜಿ ಬರೆದು ಕೊಟ್ಟ. ಬಜ್ಜಿ ಅಂದರೆ ಉಪ್ಪುನೀರಿನಲ್ಲಿ ಹಾಕಿಟ್ಟ ಸೌತೆಕಾಯಿ ಹೋಳನ್ನು ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಮೊಟ್ಟೆ, ಮಾಂಸ ಏನೂ ಇಲ್ಲವಲ್ಲ ಎಂದು ಅಮ್ಮ ಕೇಳಿದ್ದೇ ಕೇಳಿದ್ದು.

ಸಿನಿಮಾ, ಆಂಗ್ ಲೀ ಅವರ 'ಲೈಫ್ ಆಫ್ ಪೈ'. ಆಗಷ್ಟೇ ಬಿಡುಗಡೆಯಾಗಿತ್ತು. ಕನ್ನಡಕದ ಮೇಲೆ ತ್ರೀಡಿ ಕನ್ನಡಕ ಏರಿಸಿಕೊಂಡು ಅಮ್ಮ ಕೂತಳು. ಶುರುವಿಗೇ ಬಾಂಬೆ ಜಯಶ್ರೀ ಅವರ ಲಾಲಿ. ಟೆಕ್ಸಾಸಿನಲ್ಲಿ ಕೂತು ಆ ದನಿ ಕೇಳಿದ ಅಮ್ಮ ನನ್ನ ಮೊಣಕೈ ಅದುಮಿದಳು, ಮಾತು ಮಾತ್ರ ಆಡಲಿಲ್ಲ.

ಹಡಗಿನ ಊಟದ ಮನೆಯ ದೃಶ್ಯ. ಕಥೆಯ ಹುಡುಗ ಪೈಯ ತಾಯಿ, ಟಬು ಮಾಡಿದ ಪಾತ್ರ, ಸಸ್ಯಾಹಾರ ಇದೆಯಾ ಎಂದು ಕೇಳುತ್ತಾಳೆ, ಅಡುಗೆಯವನು ಹೀಗಳೆಯುತ್ತಾನೆ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಪಿಜ್ಜಾ ಬಂತು. ಹುಡುಗಿ ಅಮ್ಮನ ಕಿವಿಯ ಬಳಿ ಬಗ್ಗಿ, ಇದರಲ್ಲಿ ಮಾಂಸ ಇಲ್ಲ ಎಂದು ಪಿಸುಗುಟ್ಟಿದಳು. ಮಾಂಸ ಬೇಡವೆಂದು ತಮ್ಮ ಚೀಟಿಯಲ್ಲಿ ಬರೆದಿದ್ದನ್ನು ಅವಳು ಮರೆತಿರಲಿಲ್ಲ. ಅಮ್ಮ ಅವಳ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡಳು.

ಹಡಗು ಮುಳುಗಿದ ಮೇಲೆ ಕಡಲು, ದೋಣಿ, ಹುಲಿ. ಉಪವಾಸ ಬಿದ್ದ ಹುಡುಗ ಮೊದಲ ಸಲ ಮೀನು ಹೊಡೆದು ಕೊಂದು, ವಿಷ್ಣುವೇ ಮೀನಾಗಿ ಬಂದನೆಂದು ಗೊಳೋ ಎಂದು ಅಳುತ್ತಾನೆ. ನಮ್ಮ ಸಾಲಿನಲ್ಲಿ ಫೋರ್ಕಿನ ಸದ್ದು ನಿಂತಿತು. ಅಮ್ಮ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದಳು. ಪರದೆಯ ಮೇಲೆ ಹಸಿವು, ಕೈಯಲ್ಲಿ ತುತ್ತು. ಸಿನಿಮಾ ನೋಡುತ್ತಾ ಉಣ್ಣುವುದರಲ್ಲಿ ಇಷ್ಟು ಸಂಕಟ ಇದೆಯೆಂದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಟೆಂಟಿನಲ್ಲಾಗಿದ್ದರೆ ಅಮ್ಮ ಜೋರಾಗಿ ಏನಾದರೂ ಹೇಳಿ ಹಗುರಾಗುತ್ತಿದ್ದಳು. ಇಲ್ಲಿ ಅವಳು ಪೆನ್ಸಿಲ್ ತೆಗೆದುಕೊಂಡಳು. ಕತ್ತಲಲ್ಲೇ ಚೀಟಿಯಲ್ಲಿ ಕನ್ನಡದಲ್ಲಿ ಬರೆದು, ನನಗೆ ಕಾಣಲೆಂದು ನೆಟ್ಟಗೆ ನಿಲ್ಲಿಸಿದಳು: "ಆ ಮಗು ಬದುಕ್ತಾನಾ?"

ನಾನು ನೋಡುವ ಮೊದಲೇ ಆ ಹುಡುಗಿ ಬಂದು ಚೀಟಿ ಎತ್ತಿಕೊಂಡಳು. ಮಂದ ಬೆಳಕಿನಲ್ಲಿ ಹಿಡಿದು ನೋಡಿದಳು, ನಮ್ಮ ಕಡೆ ತಿರುಗಿದಳು. ತಮ್ಮ ಪಿಸುದನಿಯಲ್ಲಿ ಅರ್ಥ ಹೇಳಿದ. ಅವಳು ನಗಲಿಲ್ಲ. ಅಮ್ಮನ ಕಡೆ ನೋಡಿ, ಹೌದೆಂದು ತಲೆಯಾಡಿಸಿದಳು, ಹಾಗೇ ಬಗ್ಗಿಕೊಂಡು ಮುಂದಿನ ಮೇಜಿಗೆ ಹೋದಳು. ಅಮ್ಮ ಮಿಕ್ಕ ಪಿಜ್ಜಾ ತಿಂದಳು.

ಸಿನಿಮಾ ಮುಗಿಯುವ ಮುಂಚೆಯೇ ಬಿಲ್ಲು ಬಂತು. ಹೊರಗೆ ಬಂದಮೇಲೆ ಅಮ್ಮ ಕೇಳಿದ್ದು ಹುಲಿಯ ವಿಚಾರ ಅಲ್ಲ. "ಆ ಹುಡುಗಿಗೆ ಸಂಬಳ ಎಷ್ಟು ಕೊಡ್ತಾರೋ?" ಟಿಪ್ಸ್ ಸಿಗುವ ಕೆಲಸಕ್ಕೆ ಟೆಕ್ಸಾಸಿನಲ್ಲಿ ಕಾನೂನಿನಂತೆ ಮಾಲೀಕ ಕೈಯಿಂದ ಕೊಡಲೇಬೇಕಾದದ್ದು ಗಂಟೆಗೆ 2 ಡಾಲರ್ 13 ಸೆಂಟ್, 1991ರಿಂದ ಅದು ಬದಲಾಗಿಲ್ಲ, ಉಳಿದದ್ದು ಟಿಪ್ಸಿನಿಂದ ತುಂಬಬೇಕು, ಕನಿಷ್ಠ ಕೂಲಿಗೆ ಸಾಲದಿದ್ದರೆ ಮಾತ್ರ ಮಾಲೀಕ ಸೇರಿಸಬೇಕು ಎಂದ ತಮ್ಮ. ಅಮ್ಮ ಅವನನ್ನು ಒಳಗೆ ವಾಪಸ್ ಕಳಿಸಿ ಇನ್ನಷ್ಟು ಕೊಡಿಸಿದಳು.

ಈಗ ಅಲಮೋ ಸೋನಿ ಪಿಕ್ಚರ್ಸ್ ಕೈಗೆ ಹೋಗಿದೆ, 2024ರಲ್ಲಿ. ಊಟ ತಂದುಕೊಡುವ ಪರದೆಗಳು ನಮ್ಮ ಬೆಂಗಳೂರಿಗೂ ಬಂದಿವೆ. ನೀವು ಅಂಥ ಕಡೆ ಹೋದರೆ, ಕತ್ತಲಲ್ಲಿ ಬಗ್ಗಿ ನಡೆಯುವವರ ಪಾಲು ಬಿಲ್ಲಿನಲ್ಲಿ ಸೇರಿದೆಯಾ ನೋಡಿ. ಸೇರಿಲ್ಲದಿದ್ದರೆ ಕೈಯಾರೆ ಕೊಟ್ಟು ಬನ್ನಿ.