ಮುತ್ತಿಗೆಯ ನಡುವೆ ಒಂದು ಕ್ರಯಪತ್ರ

ಸೈಟು ಕೊಳ್ಳುವವರ ಮಾತು ಕೇಳಿದ್ದೀರಲ್ಲ? ಖಾತೆ ಸರಿಯಿದೆಯೇ, ಇಸಿ ತೆಗೆಸಿದಿರಾ, ಮೆಟ್ರೋ ಬರುತ್ತದಂತೆ ಹೌದೇ? ಶತ್ರುಸೈನ್ಯ ಯಾವ ದಿಕ್ಕಿಗೆ ಬೀಡುಬಿಟ್ಟಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬೈಬಲಿನ ಪ್ರವಾದಿ ಯೆರೆಮೀಯನೂ ಕೇಳಲಿಲ್ಲ, ಅವನಿಗೆ ಅದು ಗೊತ್ತೇ ಇತ್ತು.

ಕ್ರಿ.ಪೂ. 587ರ ಸುಮಾರು. ಬ್ಯಾಬಿಲೋನಿನ ಅರಸ ನೆಬೂಕದ್ನೆಚ್ಚರನ ದಂಡು ಜೆರುಸಲೇಮನ್ನು ಮುತ್ತಿದೆ. ಊರು ಶತ್ರುವಿನ ಪಾಲಾಗುತ್ತದೆ ಎಂದು ಸಾರಿದ ತಪ್ಪಿಗೆ ಯೆರೆಮೀಯನನ್ನು ಅರಸ ಚಿದ್ಕೀಯ ಕಾವಲಿನ ಅಂಗಳದಲ್ಲಿ ಕೂಡಿಹಾಕಿದ್ದಾನೆ. ಅಲ್ಲಿಗೆ ಬಂದ ಚಿಕ್ಕಪ್ಪನ ಮಗ ಹನಮೇಲ. ಅನಾತೋತಿನ ಹೊಲ ಮಾರುತ್ತಿದ್ದೇನೆ, ಹತ್ತಿರದ ನೆಂಟನಾಗಿ ಕೊಳ್ಳುವ ಹಕ್ಕು ನಿನ್ನದೇ ಎಂದ. ಅನಾತೋತ್ ಯೆರೆಮೀಯನ ಹುಟ್ಟೂರು. ಪ್ರವಾದನೆ ನಿಲ್ಲಿಸದಿದ್ದರೆ ಕೊಲ್ಲುತ್ತೇವೆಂದು ಹಿಂದೆ ಬೆದರಿಸಿದ್ದವರೂ ಆ ಊರಿನವರೇ. ಕೆಲವು ನೆಂಟರಿಗೆ ನಮ್ಮ ನೆನಪಾಗುವುದು ಏನಾದರೂ ಮಾರುವುದಿದ್ದಾಗ ಮಾತ್ರ.

ಇದು ದೇವರ ಅಪ್ಪಣೆಯೇ ಎಂದುಕೊಂಡ ಯೆರೆಮೀಯ ಚೌಕಾಸಿಗೆ ಕೂರಲಿಲ್ಲ. 17 ಶೆಕೆಲ್ ಬೆಳ್ಳಿ ತಕ್ಕಡಿಯಲ್ಲಿ ತೂಗಿ ಕೊಟ್ಟ. ಪತ್ರ ಬರೆದು ಸಹಿ ಹಾಕಿದ, ಸಾಕ್ಷಿಗಳಿಂದಲೂ ಹಾಕಿಸಿದ. ಒಂದು ಪ್ರತಿಗೆ ಮುದ್ರೆ, ಇನ್ನೊಂದು ಬಿಚ್ಚಿದ್ದು. ಬಹುಕಾಲ ಉಳಿಯಲೆಂದು ಎರಡನ್ನೂ ಮಣ್ಣಿನ ಗಡಿಗೆಯಲ್ಲಿಡಲು ಲಿಪಿಕಾರ ಬಾರೂಕನಿಗೆ ಹೇಳಿದ. ಈ ನಾಡಿನಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳ ವ್ಯಾಪಾರ ಮತ್ತೆ ನಡೆಯುತ್ತದೆ ಎಂಬುದು ಅದರ ತಾತ್ಪರ್ಯ.

ನನಗೆ ಇಷ್ಟವಾಗುವುದು ಆಮೇಲಿನ ಭಾಗ. ಪತ್ರವೆಲ್ಲ ಮುಗಿದ ಮೇಲೆ ಅವನು ಪ್ರಾರ್ಥನೆಗೆ ನಿಲ್ಲುತ್ತಾನೆ. ಊರೇ ಕೈಬಿಟ್ಟುಹೋಗುತ್ತಿರುವಾಗ ಹೊಲ ಕೊಳ್ಳು ಎಂದೆಯಲ್ಲ ಸ್ವಾಮಿ ಎಂಬ ಧಾಟಿ! ಮೊದಲು ದುಡ್ಡು, ಆಮೇಲೆ ಅನುಮಾನ. ನಾವಾದರೆ ಅನುಮಾನದಲ್ಲೇ ಕೂತು ಅಡ್ವಾನ್ಸನ್ನೂ ಕೊಡುತ್ತಿರಲಿಲ್ಲ.

ಹಾಗೆಂದು ಅವನು ಸಿಹಿಮಾತಿನವನಲ್ಲ. ಆ ವ್ಯಾಪಾರಕ್ಕೆ ಹನನ್ಯ ಎಂಬವನಿದ್ದ. ಎರಡೇ ವರ್ಷ, ಈ ಮೊದಲೇ ಬ್ಯಾಬಿಲೋನಿಗೆ ಸೆರೆಹೋದವರೆಲ್ಲ ವಾಪಸು ಎಂದು ದೇವಾಲಯದಲ್ಲೇ ಘೋಷಿಸಿದ್ದ. ಯೆರೆಮೀಯನ ಲೆಕ್ಕ 70 ವರ್ಷದ್ದು. ಬ್ಯಾಬಿಲೋನಿನಲ್ಲಿದ್ದವರಿಗೆ ಅವನು ಬರೆದ ಕಾಗದದಲ್ಲೂ ಸಮಾಧಾನಕ್ಕಿಂತ ಕೆಲಸವೇ ಹೆಚ್ಚು: ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ. ನಾಳೆಯೇ ಗಂಟು ಕಟ್ಟುವವನಿಗೆ ಹೇಳುವ ಮಾತೇ ಇದು?

ಊರು ಬಿತ್ತು. ಉಳಿದ ಜನ ಯೆರೆಮೀಯನನ್ನೂ ಎಳೆದುಕೊಂಡು ಈಜಿಪ್ಟಿಗೆ ಹೋದರು. ಪರ್ಷಿಯದ ಕೋರೆಷ ಕ್ರಿ.ಪೂ. 539ರಲ್ಲಿ ಬ್ಯಾಬಿಲೋನನ್ನು ಗೆದ್ದು ಸೆರೆಯವರಿಗೆ ಹಿಂದಿರುಗಲು ಅಪ್ಪಣೆ ಕೊಟ್ಟ. ಎಜ್ರನ ಗ್ರಂಥದ ಪಟ್ಟಿಯಲ್ಲಿ ಅನಾತೋತಿನವರ ಲೆಕ್ಕವೂ ಇದೆ: 128 ಮಂದಿ.

ಇನ್ನು ಹನಮೇಲ. ಜಾಣ ವ್ಯಾಪಾರ ಮಾಡಿದೆನೆಂದು ಬೀಗಿರಬೇಕು. ಆದರೆ ಮುತ್ತಿಗೆ ಬಿಗಿಯಾಗಿ ಪಟ್ಟಣದಲ್ಲಿ ರೊಟ್ಟಿಯೇ ಮುಗಿದುಹೋಯಿತು. 17 ಶೆಕೆಲ್ ಬೆಳ್ಳಿಯನ್ನು ಯಾರು ತಿನ್ನುತ್ತಾರೆ?